ಕೆಂಪು ನೆಲದ ಮೇಲಿನ ಫ್ರೆಂಚು

ಒದ್ದೆ ಸೀಮೆಸುಣ್ಣದ ವಾಸನೆ ನಿಮಗೂ ಗೊತ್ತಿರಬೇಕು. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಏಳುತ್ತದಲ್ಲ, ಮಣ್ಣಿನದೂ ಅಲ್ಲದ, ಸುಣ್ಣದ್ದೂ ಅಲ್ಲದ ತಣ್ಣನೆಯ ವಾಸನೆ, ಅದು. ಜೀವಮಾನವೆಲ್ಲ ಲೆಕ್ಕದ ಟೀಚರಾಗಿದ್ದವಳು ನಾನು, ದಿನಕ್ಕೆ ನಾಲ್ಕು ಸಲ ಅದನ್ನು ಮೂಗಿಗೆಳೆದುಕೊಂಡಿದ್ದೇನೆ. ಆದರೂ ಒಂದೇ ಒಂದು ದಿನ ಅದರಿಂದ ನನಗೆ ಶಾಲೆ ನೆನಪಾಗಲಿಲ್ಲ. ನೆನಪಾಗುವುದು ನಂಜನಗೂಡಿನ ನಮ್ಮ ಮನೆಯ ನಡುಮನೆ, ಅದರ ಕೆಂಪು ಗಾರೆ ನೆಲ, ಕಂಬಕ್ಕೊರಗಿ ಕೂತ ರುಕ್ಕತ್ತೆ, ಮತ್ತು ಪದ್ದು. ಆ ಮನೆ ಈಗಿಲ್ಲ. ಕೆಡವಿ, ಅಲ್ಲಿ ಪಾತ್ರೆ ಅಂಗಡಿ ಕಟ್ಟಿದ್ದಾರೆ. ಅದರ ಮುಂದೆ ಹಾದುಹೋಗಬೇಕಾದರೆ ನಾನು ಆಚೆ ಬದಿಯಲ್ಲೇ ನಡೆಯುತ್ತೇನೆ.

ರುಕ್ಕತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಪಾಂಡಿಚೇರಿಗೆ ಹೋದವರು, ಅಲ್ಲಿ ಅಕ್ಕಪಕ್ಕದವರಿಂದ ಫ್ರೆಂಚ್ ಕಲಿತು, ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಆ ಭಾಷೆ ಇಷ್ಟನ್ನೇ ತಗೊಂಡು ತೌರಿಗೆ ವಾಪಸ್ಸು ಬಂದಿದ್ದರು. ಮಕ್ಕಳಿರಲಿಲ್ಲ. ನಂಜನಗೂಡಿನಲ್ಲಿ ಫ್ರೆಂಚ್ ಯಾರಿಗೆ ಬೇಕು ಹೇಳಿ? ಆದರೆ ಎಪ್ಪತ್ತರ ದಶಕದಲ್ಲಿ ಒಂದು ಮಾತು ಊರೆಲ್ಲ ಹಬ್ಬಿತ್ತು, ಮೈಸೂರಲ್ಲಿ ಪಿಯುಸಿಗೆ ಫ್ರೆಂಚ್ ತಗೊಂಡರೆ ಮಾರ್ಕ್ಸು ಧಾರಾಳ ಅಂತ. ಹಾಗಾಗಿ ಹತ್ತನೇ ಕ್ಲಾಸಿನಲ್ಲಿದ್ದ ನಾನು ಮತ್ತು ಎದುರುಮನೆಯ ಪದ್ದು ದಿನಾ ಶಾಲೆ ಬಿಟ್ಟ ಮೇಲೆ ರುಕ್ಕತ್ತೆಯ ಮುಂದೆ ಕಾಲು ಮಡಚಿ ಕೂರತೊಡಗಿದೆವು. ಪದ್ದುವಿನ ಅಪ್ಪ ಸೀತಾರಾಮಯ್ಯನವರು ಪುರೋಹಿತರು. ಮಗಳು ಹೆಣ್ಣುಮಕ್ಕಳಿರುವ ಮನೆಗೆ ಹೋಗುತ್ತಾಳೆ, ಏನೋ ಕಲಿಯುತ್ತಾಳೆ, ಕಲಿಯಲಿ ಬಿಡಿ ಅಂತ ಸುಮ್ಮನಿದ್ದರು.

ಬೋರ್ಡಿರಲಿಲ್ಲ. ರುಕ್ಕತ್ತೆ ನೆಲದ ಮೇಲೇ ಬರೆಯುತ್ತಿದ್ದರು, ನಮ್ಮ ಕೈಲೂ ಅಲ್ಲೇ ಬರೆಸುತ್ತಿದ್ದರು. ಸಂಜೆಯ ಹೊತ್ತಿಗೆ ಹೊಸ್ತಿಲಿನಿಂದ ಕಂಬದವರೆಗೂ ಬೆಳ್ಳಗೆ ಅಕ್ಷರ ತುಂಬಿಕೊಳ್ಳುತ್ತಿತ್ತು. ಅದರ ಮೇಲೆ ಯಾರೂ ಕಾಲಿಡುವ ಹಾಗಿರಲಿಲ್ಲ, ಅಜ್ಜಿಯ ಕಟ್ಟುನಿಟ್ಟು. “ಯಾವ ದೇಶದ್ದಾದ್ರೇನೇ, ಅಕ್ಷರ ಸರಸ್ವತಿ. ತುಳಿದ್ರೆ ಕಾಲು ಬಿದ್ದೋಗತ್ತೆ,” ಅನ್ನುತ್ತಿದ್ದರು. ದೇವರಿಗೆ ದೀಪ ಹಚ್ಚುವ ಮೊದಲು ಪದ್ದು ಒದ್ದೆ ಬಟ್ಟೆ ತಂದು ಎಲ್ಲವನ್ನೂ ಒರೆಸಬೇಕು. ಅಲ್ಲಿಯವರೆಗೆ ಮನೆಯವರೆಲ್ಲ ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದರು. ಅಜ್ಜಿಯಂತೂ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಒಂದೊಂದೇ ಹೆಜ್ಜೆ ಹುಡುಕಿ ಇಡುವುದನ್ನು ನೋಡಿ ನಾವಿಬ್ಬರೂ ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದೆವು.

ಆ ವರ್ಷ ಮಾಘದ ಹೊತ್ತಿಗೆ ಭವಿಷ್ಯತ್ಕಾಲ ಶುರುವಾಯಿತು. ನಾವು ‘ನಾಳೆ ಬರ್ತೀನಿ’ ಅಂತ ದಿನಾ ಹೇಳುವವರೇ, ಆದರೆ ಫ್ರೆಂಚಿನಲ್ಲಿ ನಾಳೆಗೆ ಬೇರೆ ರೂಪವೇ ಇದೆ, ಕ್ರಿಯಾಪದದ ಬಾಲ ಬದಲಾಗುತ್ತದೆ ಅಂದಾಗ ನನಗೆ ತಲೆನೋವು ಬಂತು. ಪದ್ದುವಿಗೆ ಬರಲಿಲ್ಲ. ಅವಳು ಅದನ್ನು ರಸಬಾಳೆಹಣ್ಣು ತಿಂದಷ್ಟು ಇಷ್ಟಪಟ್ಟು ಕಲಿತಳು. ರುಕ್ಕತ್ತೆಯ ಪದ್ಧತಿ ಇಷ್ಟು: ದಿನಾ ನಮ್ಮ ಬಗ್ಗೆಯೇ, ಇನ್ನೂ ಆಗಿರದ ಒಂದು ಸಂಗತಿ ಬರೆಯಬೇಕು. ನಿಜವಾಗಬೇಕೆಂದೇನಿಲ್ಲ. ನಾನು ‘ನಾಳೆ ದೋಸೆ ತಿನ್ನುತ್ತೇನೆ’ ಅಂತ ಬರೆದು ಮುಗಿಸುತ್ತಿದ್ದೆ. ಪದ್ದು ಮಾತ್ರ ಸೀಮೆಸುಣ್ಣ ಕಚ್ಚಿಕೊಂಡು ತುಂಬಾ ಹೊತ್ತು ಯೋಚಿಸಿ ಬರೆಯುತ್ತಿದ್ದಳು. ಅವಳಿಗೆ ಆಗಲೇ ಟಿ. ನರಸೀಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮನೆಯಲ್ಲಿ ಬಾಯಿಬಿಡಲಾಗದ್ದನ್ನೆಲ್ಲ ಅವಳು ನಮ್ಮ ನೆಲದ ಮೇಲೆ ಬರೆಯುತ್ತಿದ್ದಾಳೆ ಅಂತ ನನಗೂ ಗೊತ್ತಿತ್ತು, ರುಕ್ಕತ್ತೆಗೂ ಗೊತ್ತಿತ್ತು. ಊರಲ್ಲಿ ಮೂರೇ ಜನ ಓದಬಲ್ಲ ಭಾಷೆ, ಅದೂ ದೀಪ ಹಚ್ಚುವುದರೊಳಗೆ ಅಳಿಸಿಹೋಗುವಂಥದ್ದು. ಭಯವೇನು? ಒಂದು ಸಲ ಪದ್ದು, “ಅತ್ತೆ, ನೀವೂ ನಿಮ್ಮದೊಂದು ಬರೀರಿ,” ಅಂತ ಪೀಡಿಸಿದಳು. ರುಕ್ಕತ್ತೆ ‘ನಾಳೆ ಮಳೆ ಬರುತ್ತದೆ’ ಅಂತ ಬರೆದರು. ಅವರ ಉದಾಹರಣೆಗಳಲ್ಲೆಲ್ಲ ಮಳೆಯೇ ಬರುತ್ತಿತ್ತು.

ಒಂದು ಶುಕ್ರವಾರ ಸೀತಾರಾಮಯ್ಯನವರು ಹಿತ್ತಿಲಿನ ರಸಬಾಳೆಯ ಚಿಪ್ಪೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹೊಸ್ತಿಲಿನಾಚೆಯೇ ನಿಂತುಬಿಟ್ಟರು. “ಅಕ್ಷರ ತುಳಿಯೋದು ಹ್ಯಾಗಮ್ಮಾ, ಇಲ್ಲೇ ನಿಂತಿರ್ತೀನಿ,” ಅಂತ ನಕ್ಕರು. ರುಕ್ಕತ್ತೆ ಕಾಫಿಗೆ ಒಳಗೆ ಹೋದರು. ಪದ್ದು ಒದ್ದೆ ಬಟ್ಟೆ ತರಲು ಬಚ್ಚಲಿಗೆ ಓಡಿದಳು. ಉಳಿದವಳು ನಾನು, ನನ್ನ ಹಾಳು ಜಂಬ. “ಇದರಲ್ಲಿ ನಮ್ಮ ಪದ್ದು ಬರೆದಿದ್ದು ಯಾವುದಮ್ಮ?” ಅಂದರು. ಆ ದನಿಯಲ್ಲಿದ್ದುದು ಬರೀ ಹೆಮ್ಮೆ, ದೇವರಾಣೆಗೂ ಮತ್ತೇನೂ ಇರಲಿಲ್ಲ. ತೋರಿಸಿದೆ. “ಏನಂತ ಬರ್ದಿದಾಳೆ, ಓದು ನೋಡಣ.” ನಾನು ಎದ್ದುನಿಂತು, ಮೂಗಿನಲ್ಲೇ ರಾಗ ಎಳೆದು ಕೊನೆಯ ಸಾಲು ಓದಿದೆ. “ಜೋರೇ ಲಾ ಕ್ಲೇ ದ ಮಾ ಮೇಜೋಂ.” ಅಷ್ಟಕ್ಕಾದರೂ ಬಾಯಿ ಮುಚ್ಚಬಾರದಿತ್ತೇ? ಅವರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದುದನ್ನು ಕಂಡು ನನಗೆ ಇನ್ನೂ ಉಬ್ಬು ಬಂತು. ಒಂದೊಂದೇ ಸಾಲು ಬೆರಳಿಟ್ಟು ಕನ್ನಡ ಮಾಡಿ ಹೇಳಿದೆ. “ನಾನು ಮದುವೆ ಆಗಲ್ಲ. ಮೈಸೂರಿಗೆ ಹೋಗ್ತೀನಿ. ಟೀಚರ್ ಆಗ್ತೀನಿ. ನನ್ನ ಮನೆ ಬೀಗದ ಕೈ ನನ್ನ ಹತ್ರಾನೇ ಇರತ್ತೆ.”

ಸೀತಾರಾಮಯ್ಯನವರು ಆ ಅಕ್ಷರಗಳನ್ನೇ ನೋಡುತ್ತ ನಿಂತರು. “ಚೆನ್ನಾಗಿ ಕಲಿಸಿದಾರೆ,” ಅಂದರು. ಬಾಳೆಹಣ್ಣನ್ನು ಜಗಲಿಯ ಮೇಲಿಟ್ಟು, ಕಾಫಿಗೂ ಕಾಯದೆ ಹೊರಟುಹೋದರು. ಬೈಯಲಿಲ್ಲ, ಕೂಗಾಡಲಿಲ್ಲ. ಮಾರನೆಯ ದಿನದಿಂದ ಪದ್ದು ಬರಲಿಲ್ಲ. ಶಾಲೆಗೂ ಬರಲಿಲ್ಲ. ಪರೀಕ್ಷೆ ಮುಗಿಯುವುದರೊಳಗೆ ಅವಳ ಮದುವೆಯೂ ಮುಗಿಯಿತು. ನಮ್ಮೂರಿನ ಕಪಿಲೆ ಹರಿದು ಸೇರುವುದೂ ನರಸೀಪುರವನ್ನೇ, ಇವಳೂ ಅಲ್ಲಿಗೇ ಹೋದಳು. ರುಕ್ಕತ್ತೆ ಸೀಮೆಸುಣ್ಣದ ಡಬ್ಬಿಯನ್ನು ಟ್ರಂಕಿನೊಳಗಿಟ್ಟು, “ನಾನು ಮಳೆ ಬಗ್ಗೇನೇ ಬರೆಸಬೇಕಿತ್ತು ಕಣೆ ಸುಮಿ,” ಅಂದರು. ಆಮೇಲೆ ಯಾರಿಗೂ ಫ್ರೆಂಚ್ ಹೇಳಿಕೊಡಲಿಲ್ಲ. ಮೂರು ವರ್ಷಕ್ಕೆ ಹೋಗಿಬಿಟ್ಟರು.

ಟೀಚರ್ ಆಗುತ್ತೇನೆ ಅಂದವಳು ಪದ್ದು, ಆದವಳು ನಾನು. ಎಂಬತ್ತರ ದಶಕದಲ್ಲಿ ಪರೀಕ್ಷೆ ಕೆಲಸಕ್ಕೆ ಟಿ. ನರಸೀಪುರಕ್ಕೆ ಹಾಕಿದಾಗ, ಧೈರ್ಯ ಮಾಡಿ ಅವಳ ಮನೆ ಹುಡುಕಿಕೊಂಡು ಹೋದೆ. ಸಣ್ಣಗಾಗಿದ್ದಳು. ನೋಡಿದ್ದೇ ಕೈ ಹಿಡಿದುಕೊಂಡು ಒಳಗೆ ಕರೆದಳು. ಕೂರಿಸಿ, ಒಳಗೆ ಹೋಗಿ, ಹಾಗೇ ವಾಪಸ್ಸು ಬಂದಳು. “ಕಾಫಿಪುಡಿ ಉಗ್ರಾಣದಲ್ಲಿದೆ ಕಣೆ. ಬೀಗದ ಕೈ ನಮ್ಮತ್ತೆ ಹತ್ರ ಇದೆ. ದೇವಸ್ಥಾನಕ್ಕೆ ಹೋಗಿದಾರೆ,” ಅಂದು ಒಂದು ಲೋಟ ನೀರು ಕೊಟ್ಟಳು.

“ಪದ್ದು, ಆವತ್ತು ನಾನು…” ಅಂತ ಶುರುಮಾಡಿದೆ. ಅವಳು ತಡೆದಳು. “ನಾನು ಬಾಗಿಲ ಸಂದೀಲೇ ನಿಂತಿದ್ದೆ ಕಣೆ, ಒದ್ದೆ ಬಟ್ಟೆ ಹಿಡ್ಕೊಂಡು. ಓಡಿಬಂದು ನಿನ್ನ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಅಪ್ಪ ನಕ್ಕುಬಿಡ್ತಾರೆ, ಆಯ್ತು ಹೋಗು ಅಂತಾರೆ ಅಂತ ಕಾಯ್ತಾ ಇದ್ದೆ.” ನಾನು ಕಣ್ಣೊರೆಸಿಕೊಳ್ಳಲು ಬ್ಯಾಗಿನಿಂದ ಕರ್ಚೀಫ್ ಎಳೆದೆ. ಅದರ ಜೊತೆಗೆ ಮೈಸೂರಿನ ನನ್ನ ಬಾಡಿಗೆ ರೂಮಿನ ಬೀಗದ ಕೈ ನೆಲಕ್ಕೆ ಬಿತ್ತು. ಪದ್ದು ಅದನ್ನು ಎತ್ತಿಕೊಂಡಳು. “ನಿನ್ ಮನೇದಾ?” ಅಂದಳು. ಹೂಂ ಅಂದೆ. “ಆ ಸಾಲನ್ನ ಒಂದ್ಸಲ ಹೇಳೇ. ನನಗೆ ಮರೆತೇಹೋಗಿದೆ.”

ಹೇಳಿದೆ. ಫ್ರೆಂಚಿನಲ್ಲೇ ಹೇಳಿದೆ, ಈ ಸಲ ಕನ್ನಡ ಮಾಡಲಿಲ್ಲ. ಅವಳು ಬೀಗದ ಕೈಯನ್ನು ಮುಷ್ಟಿಯೊಳಗೆ ಹಿಡಿದುಕೊಂಡು, ಬೇರೆ ಯಾರದೋ ಸಮಾಚಾರ ಕೇಳುವ ಹಾಗೆ ಕೇಳಿಸಿಕೊಂಡಳು. ಹೊರಗೆ ಅವಳತ್ತೆ ಚಪ್ಪಲಿ ಬಿಟ್ಟ ಸದ್ದಾಯಿತು. ಪದ್ದು ಎದ್ದು, ಕುಂಕುಮ ಕೊಟ್ಟು, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಳು. ಬೆಚ್ಚಗಿತ್ತು. ನಾನು ಬಸ್ ಹತ್ತುವ ಹೊತ್ತಿಗೆ ತಣ್ಣಗಾಗಿತ್ತು.