ಮೂರು ಸಲ ಕೊಟ್ಟ ರಕ್ತ

ಆ ಬಡಾವಣೆಯ ಹಳೆಯ ಕಟ್ಟಡಗಳಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ. ಎರಡು ಮಹಡಿಗಳ ನಡುವೆ ಯಾರಾದರೂ ಸಿಕ್ಕಿಕೊಂಡರೆ, ಬಾಗಿಲಿಗೆ ಬಾಯಿಟ್ಟು, “ಹೆದರಬೇಡಿ, ಹತ್ತೇ ನಿಮಿಷ” ಎನ್ನುತ್ತಿದ್ದ. ಹನ್ನೊಂದಾದದ್ದನ್ನು ಯಾರೂ ಕಂಡಿಲ್ಲ. ಅಂಥವನಿಗೆ ಆಸ್ಪತ್ರೆಯವರ “ಮುಂದಿನ ವಾರ ಬನ್ನಿ” ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಅರವತ್ತಮೂರನೇ ವಯಸ್ಸಿಗೆ ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗಲೇ ಅದು ಬೆನ್ನುಮೂಳೆಗೆ ಇಳಿದಿತ್ತು. ಇಂಜೆಕ್ಷನ್, ಜೊತೆಗೆ ದಿನಕ್ಕೆ ನಾಲ್ಕು ಮಾತ್ರೆ. ಒಂದೂವರೆ ವರ್ಷ ಎಲ್ಲ ಸರಿಯಿತ್ತು. ಆಮೇಲೆ ರಕ್ತಪರೀಕ್ಷೆಯಲ್ಲಿ ಈ ಕ್ಯಾನ್ಸರಿನ ಏರಿಳಿತ ತೋರಿಸುವ ಪಿಎಸ್‌ಎ ಸಂಖ್ಯೆ ಮತ್ತೆ ಏರತೊಡಗಿತು.

“ಮೂಳೆಯಿಂದ ತುಂಡು ತೆಗೆಯೋದು ಕಷ್ಟ,” ಎಂದರು ಡಾಕ್ಟರಮ್ಮ. “ಗಡ್ಡೆಯಿಂದ ಉದುರಿದ ಕಣಗಳು ರಕ್ತದಲ್ಲಿ ಓಡಾಡ್ತಿರ್ತವೆ. ಅವನ್ನ ಹಿಡಿದು ನೋಡಿದ್ರೆ ಈ ಮಾತ್ರೆ ಇನ್ನೂ ಕೆಲಸ ಮಾಡುತ್ತೋ ಇಲ್ವೋ ಅಂತ ಸುಳಿವು ಸಿಗುತ್ತೆ.”

“ಬರೀ ರಕ್ತ ತಾನೇ? ತಗೊಳ್ಳಿ,” ಎಂದು ಅವನು ಅಂಗಿಯ ತೋಳು ಮಡಚಿದ.

ಹನ್ನೆರಡು ದಿನ ಕಾದು ಹೋದರೆ, ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ, “ಸ್ಯಾಂಪಲ್ ರಿಜೆಕ್ಟ್ ಆಗಿದೆ ಅಂಕಲ್,” ಎಂದಳು. ಅದಕ್ಕೆ ಬೇರೆಯೇ ಟ್ಯೂಬ್ ಬೇಕಂತೆ. ಮಾಮೂಲಿ ಟ್ಯೂಬಿನಲ್ಲಿ ಹಿಡಿದುಬಿಟ್ಟಿದ್ದರು. ಸರಿಯಾದ ಟ್ಯೂಬ್ ತರಿಸುವುದಕ್ಕೇ ಮೂರು ವಾರ. ಎರಡನೇ ಸಲ ಟ್ಯೂಬ್ ಸರಿಯಿತ್ತು. ಆದರೆ ತಣ್ಣಗೆ ಇಡಬಾರದ ಅದನ್ನು ಯಾರೋ ಪುಣ್ಯಾತ್ಮರು ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋಗಿದ್ದರು.

“ಯಾರು ಇಟ್ಟಿದ್ದು?”

“ಶಿಫ್ಟ್ ಚೇಂಜ್ ಆಗುತ್ತೆ ಅಂಕಲ್, ಹೇಳೋಕಾಗಲ್ಲ.”

ಅವನಿಗೆ ಮೈಯೆಲ್ಲ ಉರಿದುಹೋಯಿತು. ಈ ನಡುವೆ ಸೊಂಟನೋವು ಜೋರಾಗಿ, ತಾರಸಿಯ ಮೇಲಿನ ಲಿಫ್ಟ್ ಮೋಟಾರಿನವರೆಗೆ ಹತ್ತಲಾಗದೆ, ಎರಡು ಕಟ್ಟಡಗಳ ಕೆಲಸ ಕೈಬಿಟ್ಟಿದ್ದ. ಮಾತ್ರೆಯನ್ನಂತೂ ದಿನಾ ನುಂಗುತ್ತಲೇ ಇದ್ದ.

ಮೂರನೇ ಸಲ ಅವನು ಯಾರನ್ನೂ ನಂಬಲಿಲ್ಲ. ಟ್ಯೂಬಿನ ಮೇಲಿನ ಚೀಟಿಯನ್ನು ಕನ್ನಡಕ ಏರಿಸಿ ಎರಡು ಸಲ ಓದಿದ. ತಾನೇ ಒಯ್ದು ಕೊಡುತ್ತೇನೆಂದು ಡಾಕ್ಟರಮ್ಮನಿಂದ ಪತ್ರ ಬರೆಸಿಕೊಂಡು, ಟ್ಯೂಬಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಸ್ಕೂಟರಿನ ಹಿಂದೆ ಕೂತ. ಆ ಪರೀಕ್ಷೆ ಮಾಡುವ ಲ್ಯಾಬು ಊರಿನ ಆ ತುದಿಗಿತ್ತು.

“ನಿಧಾನ ಕಣೇ, ಹಳ್ಳ ನೋಡು!”

“ಮೂವತ್ತು ವರ್ಷ ನಿಮ್ಮನ್ನ ಹೊತ್ಕೊಂಡು ಓಡಾಡಿದೀನಿ, ಒಂದು ಡಬ್ಬಿ ಹೆಚ್ಚಾ? ಸುಮ್ನೆ ಕೂತ್ಕೊಳ್ಳಿ.”

ಒಂಬತ್ತು ದಿನಕ್ಕೆ ರಿಪೋರ್ಟ್ ಬಂತು. ರಕ್ತದಲ್ಲಿ ಸಿಕ್ಕ ಕಣಗಳು ರೂಪ ಬದಲಿಸಿದ್ದವು. ಆ ಮಾತ್ರೆ ಇನ್ನು ಅವನ ಮೈಗೆ ಹಿಡಿಯುವಂತಿರಲಿಲ್ಲ.

“ಮೊದಲನೇ ಸಲವೇ ಸರಿಯಾಗಿ ಮಾಡಿದ್ರೆ ಇದು ಆಗಲೇ ಗೊತ್ತಾಗ್ತಿತ್ತಾ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಆಗ್ತಿತ್ತು ಅನ್ಸುತ್ತೆ.”

“ಅಂದ್ರೆ ಎರಡು ತಿಂಗಳು ನಾನು ನುಂಗಿದ್ದು ಸುಣ್ಣದ ಪುಡಿ!”

ಅವರು ಪೆನ್ನು ಎತ್ತಿಕೊಂಡು ಹೊಸ ಚೀಟಿ ಬರೆದರು. ಮರುವಾರವೇ ಡ್ರಿಪ್ಪಿನಲ್ಲಿ ಕೊಡುವ ಬೇರೆ ಔಷಧಿ ಶುರುವಾಯಿತು. ಕೂದಲು ಉದುರಿತು, ನಾಲಗೆಗೆ ರುಚಿ ಕೆಟ್ಟಿತು. ನಾಲ್ಕನೇ ಡ್ರಿಪ್ಪಿನ ಹೊತ್ತಿಗೆ ಪಿಎಸ್‌ಎ ಅರ್ಧಕ್ಕಿಂತ ಕೆಳಗಿಳಿಯಿತು. ಸೊಂಟನೋವೂ ತಗ್ಗಿ, ಒಂದು ಕಟ್ಟಡದ ಕೆಲಸ ಮರಳಿ ಹಿಡಿದ. ಸಿಟ್ಟು ಮಾತ್ರ ಇಳಿಯಲಿಲ್ಲ. ತಾರೀಖುಗಳ ಸಮೇತ ಆಸ್ಪತ್ರೆಗೆ ದೂರು ಬರೆದ. ಎರಡು ಸಾಲಿನ ಉತ್ತರ ಬಂತು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಇದರೊಂದಿಗಿರುವ ಫಾರಂ ತುಂಬಿ ಕಳಿಸಿ.

“ಬಿಟ್ಟಾಕಿ ರೀ, ಹುಷಾರಾಗ್ತಿದೀರಲ್ಲ,” ಎಂದಳು ಹೆಂಡತಿ.

“ರಕ್ತ ಕೊಡೋಕೆ ನನ್ನ ಹಿಂದೆ ಕ್ಯೂನಲ್ಲಿ ಇನ್ನೂ ಆರು ಜನ ಕೂತಿದ್ರು ಕಣೇ,” ಎನ್ನುತ್ತ ಅವನು ಫಾರಂ ಬಿಡಿಸಿಕೊಂಡು, ಕೊಟ್ಟ ಜಾಗ ಸಾಲದೆ ಹಿಂಬದಿಯಲ್ಲೂ ಬರೆಯತೊಡಗಿದ.