ಓರೆ ಹಿತ್ತಲಿನ ಸರಿಪಾಲು

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹಾಗಾಗಿ ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದ ನಮ್ಮ ಮನೆಯಲ್ಲಿ ಅಳತೆಯ ಮಾತು ಬಂದರೆ ಎಲ್ಲರೂ ನನ್ನ ಮೈದುನನ ಮುಖ ನೋಡುತ್ತಿದ್ದರು. ಅವನು ಯಾವುದೋ ಕಚೇರಿಯಲ್ಲಿ ಗುಮಾಸ್ತ. ಜೇಬಿನಲ್ಲಿ ಎರಡು ಪೆನ್ನು. ತಲೆಯಲ್ಲಿ ಅಷ್ಟೂ ಇರಲಿಲ್ಲ.

ಎಂಬತ್ತನೇ ಇಸವಿಯ ಈಚಿನ ಒಂದು ಬೇಸಿಗೆಯಲ್ಲಿ ಅಣ್ಣತಮ್ಮ ಇಬ್ಬರೂ ಹಿತ್ತಲನ್ನು ಸಮನಾಗಿ ಹಂಚಿಕೊಳ್ಳುವುದೆಂದಾಯಿತು. ಮನೆಯ ಗೋಡೆಯ ಹತ್ತಿರ ಅದು ನಲವತ್ತಡಿ ಅಗಲ. ಎರಡೂ ಪಕ್ಕ ಓರೆಯಾಗಿ ಹೋಗಿ ಬೇಲಿಯ ಹತ್ತಿರ ಇಪ್ಪತ್ತಕ್ಕೆ ಇಳಿಯುತ್ತಿತ್ತು. ನಡುವೆ ಉದ್ದ ಅರವತ್ತು. ಮೈದುನ ಉದ್ದಕ್ಕೆ ಹಗ್ಗ ಹಿಡಿದು, ಮೂವತ್ತಕ್ಕೆ ಗೂಟ ಹೊಡೆದ.

"ಆಕಡೆ ಮೂವತ್ತು, ಈಕಡೆ ಮೂವತ್ತು. ಮನೆ ಕಡೇದು ನಂಗಿರ್ಲಿ, ಬೇಲಿ ಕಡೇದು ನಿಮಗೆ. ಓಣಿ ಪಕ್ಕದಲ್ಲೇ ಐತಲ್ಲ ಅತ್ತಿಗೆ, ಓಡಾಡಕ್ಕೆ ಸಲೀಸು. ನಾಳೆ ಗೋಡೆ ಎಬ್ಬಿಸ್ಬುಡಾನ."

"ಓದಿದೋನು ಹೇಳ್ತವ್ನೆ, ಸುಮ್ಕಿರು," ಅಂದರು ನನ್ನ ಯಜಮಾನರು. ಸೂರ್ಯ ಪಡುವಣಕ್ಕೆ ಹುಟ್ಟುತ್ತಾನೆಂದು ತಮ್ಮ ಹೇಳಿದರೂ ತಲೆಯಾಡಿಸುವ ಜೀವ ಅದು.

ನಾನು ಸುಮ್ಮನಿರಲಿಲ್ಲ. "ರಾಗಿ ಒಣಗಾಕೋಕ್ ಮುಂಚೆ ಈ ನೆಲಕ್ಕೆ ಸಗಣಿ ಸಾರಿಸೋಳು ನಾನು. ಮನೆ ಕಡೆಗೆ ಏಳು ಬಕೀಟು ಬೇಕು, ಬೇಲಿ ಕಡೆಗೆ ಐದು ಸಾಕು. ಇದೆಂಗಪ್ಪಾ ಸರಿಪಾಲು?"

"ಸಗಣಿ ಲೆಕ್ಕ ಕಚೇರೀಲಿ ನಡೆಯಲ್ಲ ಅತ್ತಿಗೆ," ಅಂತ ನಕ್ಕ.

ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಜಗಲಿಯಿಂದ ಇಳಿದು ಬಂದಳು. "ಅಜ್ಜಿ ಹೇಳೋದೇ ಸರಿ ಚಿಕ್ಕತಾತ. ಇದು ಸರಿವಗಂ." ತಮಿಳು ಶಾಲೆಯಲ್ಲಿ ಇಂಥ ಆಕಾರಕ್ಕೆ ಕಲಿಸಿದ ಹೆಸರು ಅದು. ಎರಡು ಅಗಲ ಕೂಡಿ, ಅರ್ಧ ಮಾಡಿ, ಉದ್ದದಿಂದ ಗುಣಿಸಬೇಕಂತೆ. ಗೂಟದ ಹತ್ತಿರದ ಅಗಲ ಮೂವತ್ತು. ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದೇಬಿಟ್ಟಳು: ಅವನದು ಸಾವಿರದ ಐವತ್ತು ಚದರಡಿ, ನಮ್ಮದು ಏಳುನೂರ ಐವತ್ತು.

ಮೈದುನ ಪೆನ್ನು ತೆಗೆದು ಎರಡು ಸಲ ಗುಣಿಸಿದ. ಉತ್ತರ ಕಚೇರಿಯವರ ಮುಖ ನೋಡಿ ಬದಲಾಗುತ್ತದೆಯೇ? "ನಂಗೂ ಗೊತ್ತಿತ್ತು, ನೀವು ನೋಡ್ತೀರೇನೋಂತ ಬುಟ್ಟಿದ್ದೆ," ಅಂದ.

"ಹೌದಪ್ಪಾ, ನೀನು ನಮಗೆ ಪರೀಕ್ಷೆ ಇಟ್ಟಿದ್ದೆ ಪಾಪ," ಅಂದೆ. ಒಳಗೊಳಗೇ ಕುಣಿಯುತ್ತಿದ್ದೆ. ಇಂಥ ಕೂಸು ನನ್ನ ಮಡಿಲಲ್ಲೇ ಬೆಳೆಯಿತಲ್ಲ!

ಮೊಮ್ಮಗಳು ಅಡ್ಡ ಗೂಟ ಕಿತ್ತಳು. ಮನೆ ಕಡೆಯ ಅಗಲದ ನಡುವಿನಿಂದ ಬೇಲಿ ಕಡೆಯ ಅಗಲದ ನಡುವಿಗೆ ಹಗ್ಗ ಎಳೆದರೆ ಇಬ್ಬರಿಗೂ ಒಂಬೈನೂರು ಅಂದಳು. ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಮೈದುನನ ಕೈಗೆ ಕೊಟ್ಟಳು.

"ಬಿಗಿಯಾಗಿ ಹಿಡ್ಕೋ ಚಿಕ್ಕತಾತ, ಜೋತು ಬಿದ್ದೈತೆ."

ಅವನು ಬೇಲಿಯ ಹತ್ತಿರ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಡಿದುಕೊಂಡ. ನಾನು ಅವಳ ಕೆಲಸವನ್ನು ಸ್ವಲ್ಪವೂ ಅವಸರ ಮಾಡಿಸಲಿಲ್ಲ.