ಮೆಟ್ಟಿಲ ಬುಡದ ಎಣ್ಣೆಕಲೆ

ಹಳೆ ಕಟ್ಟಡಗಳನ್ನು ಉಳಿಸಲೆಂದೇ ಪುರಸಭೆಯಲ್ಲಿ ಒಂದು ವಿಭಾಗವಿದೆ. ಅಲ್ಲಿ ಬಣ್ಣ ಕೆರೆಯುವವಳು ಸುಣ್ಣದಕ್ಕ. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತದೆ. ವರ್ಷಗಟ್ಟಲೆ ಬಳಿದ ಬಣ್ಣವನ್ನು ಪದರ ಪದರವಾಗಿ ಕೆರೆದು, ಗೋಡೆಯ ಮೊದಲ ಬಣ್ಣ ಹುಡುಕುವುದು ಅವಳ ಕೆಲಸ. ಪ್ರತಿ ಕಟ್ಟಡದಲ್ಲೂ ಅಂಗೈಯಗಲದ ಜಾಗವೊಂದನ್ನು ಕೆರೆಯದೆ ಬಿಡುತ್ತಾರೆ, ಹಿಂದಿನದಕ್ಕೆಲ್ಲ ಸಾಕ್ಷಿಯಾಗಿ. ಅದಕ್ಕೆ ಕಿಟಕಿ ಎನ್ನುತ್ತಾರೆ.

ಈ ಸಲದ ಸರದಿ ಹಳೆ ಗ್ರಂಥಾಲಯದ್ದು. ಅವಳ ಅಪ್ಪ ಅಲ್ಲಿ ಕಾವಲುಗಾರನಾಗಿದ್ದ. ಕಾದದ್ದಕ್ಕಿಂತ ತೂಕಡಿಸಿದ್ದೇ ಹೆಚ್ಚು ಎನ್ನಿ. ಮೆಟ್ಟಿಲ ಬುಡದ ಕಲ್ಲುಬೆಂಚಿನಲ್ಲಿ ಕೂತು, ಎಣ್ಣೆ ಮೆತ್ತಿದ ತಲೆಯನ್ನು ಗೋಡೆಗೆ ಒರಗಿಸಿದರೆ ಅವನಿಗೆ ಲೋಕವೇ ಬೇಡ. ಅಲ್ಲೊಂದು ಎಣ್ಣೆಕಲೆ ಬಿದ್ದಿತ್ತು. ಸುಣ್ಣ ಹೊಡೆದಾಗಲೆಲ್ಲ ನಾಲ್ಕು ದಿನ ಅಡಗಿ ಕೂತು ಮತ್ತೆ ಮೇಲೇಳುತ್ತಿತ್ತು. ಅಪ್ಪ ತೀರಿಕೊಂಡ. ಒಂದು ಫೋಟೋ ಕೂಡ ಇಲ್ಲ, ಉಳಿದದ್ದು ಆ ಕಲೆ.

ಕಿಟಕಿ ಆ ಜಾಗಕ್ಕೇ ಬರಲಿ ಎಂಬುದು ಅವಳ ಆಸೆ. ಬಾಯಿಬಿಟ್ಟು ಕೇಳಲು ಸಂಕೋಚ. ಕೆಲಸದ ಉಸ್ತುವಾರಿಯ ಎಂಜಿನಿಯರಮ್ಮ, ಬಂದವರ ಕಣ್ಣಿಗೆ ಬೀಳಲೆಂದು ಕಿಟಕಿಗೆ ಮುಂಬಾಗಿಲ ಪಕ್ಕ ಗುರುತು ಹಾಕಿದರು.

ಮಧ್ಯಾಹ್ನದ ಬೆಳಕು ಮೆಟ್ಟಿಲಿಳಿದು ಬರುವ ಹೊತ್ತಿಗೆ ಸುಣ್ಣದಕ್ಕ ಅಪ್ಪನ ಗೋಡೆ ಕೆರೆಯತೊಡಗಿದಳು. ಬಿಳಿ ಉದುರಿತು, ಅದು ಅವಳ ಮದುವೆಯ ಕಾಲದ್ದು. ಅದರಡಿ ಹಸಿರು, ಶಾಲೆ ಬಿಟ್ಟೊಡನೆ ಅಪ್ಪನ ಬಳಿ ಓಡಿ ಬರುತ್ತಿದ್ದಾಗಿನದು. ಪ್ರತಿ ಬಣ್ಣದಲ್ಲೂ ಆ ತಲೆಯ ಗುರುತಿತ್ತು. ಪುಡಿ ಬಿಸಿಲಲ್ಲಿ ತೇಲುತ್ತಿತ್ತು, ಖಾಲಿ ಕೋಣೆಯಲ್ಲಿ ಯಾರೋ ಪುಟ ಮಗುಚಿದಂತಾಗುತ್ತಿತ್ತು, ಕೆರೆಯುವ ಕೈ ತನ್ನದೇ ಅನ್ನಿಸಲಿಲ್ಲ. ಕೊನೆಗೆ ಮೊದಲಿನ ತಿಳಿಹಳದಿ ಸಿಕ್ಕಿತು, ಕಲೆ ಹೋಯಿತು. ಅಪ್ಪನನ್ನು ತಾನೇ ಗುಡಿಸಿ ಹಾಕಿದೆನೆಂದು ಅವಳಿಗೆ ಅನ್ನಿಸಿತು. ಅದೇ ಹಳದಿಯನ್ನು ಹೊಸದಾಗಿ ಬಳಿದು ಮನೆಗೆ ಹೋದಳು.

ವಾರ ಕಳೆಯುವುದರೊಳಗೆ ಹೊಸ ಹಳದಿಯ ಮೇಲೆ ಕಲೆ ಎದ್ದಿತ್ತು. ಅಪ್ಪ ಇದ್ದಾಗಲೂ ಹಾಗೆಯೇ, ಎಬ್ಬಿಸಿ ಕಳಿಸಿದರೆ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ಕೂರುವ ಆಸಾಮಿ. ಸುಣ್ಣದಕ್ಕನಿಗೆ ನಗು ಬಂತು, ಕಣ್ಣೂ ತುಂಬಿತು. ಎಂಜಿನಿಯರಮ್ಮನಿಗೆ ಮಾತ್ರ ತಲೆ ಕೆಟ್ಟಿತು. ಎಣ್ಣೆ ಮೇಲೇಳದಂತೆ ತಡೆಯುವ ಅರಗಿನ ಬಣ್ಣ ತರಿಸಿ ಅವಳ ಕೈಗಿತ್ತರು. ಒಂದು ಸಲ ಬಳಿದರೆ ಮುಗಿಯಿತು, ಕಲೆ ಇನ್ನೆಂದೂ ಬರದು.

ಸುಣ್ಣದಕ್ಕ ಬ್ರಷ್ ಅದ್ದಿದಳು. ಅದ್ದಿದ್ದನ್ನು ಎತ್ತಲಾಗಲಿಲ್ಲ.

"ಇದು ನನ್ನ ಕೈಲಾಗಲ್ಲ ಮೇಡಂ," ಎಂದಳು. "ಅದು ನಮ್ಮಪ್ಪ ತಲೆ ಒರಗಿಸ್ತಿದ್ದ ಜಾಗ."

ಎಂಜಿನಿಯರಮ್ಮ ಕಲೆಯನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು ತಾವೂ ಒರಗಿದರು. ಮೆಟ್ಟಿಲ ಕಡೆಯಿಂದ ತಂಗಾಳಿ ಬರುತ್ತಿತ್ತು. ಎಷ್ಟು ಹೊತ್ತಾದರೂ ಅವರು ಏಳಲಿಲ್ಲ.

"ಒಳ್ಳೆ ಜಾಗಾನೇ ಹುಡುಕಿದ್ರು ನಿಮ್ಮಪ್ಪ," ಎಂದರು. "ಡಬ್ಬಿ ಮುಚ್ಚಿಬಿಡಕ್ಕ. ಈ ಕಲೇನೂ ಕಟ್ಟಡದ್ದೇ."

ಈಗ ಊಟವಾದ ಮೇಲೆ ಸುಣ್ಣದಕ್ಕ ಅಲ್ಲೇ ಒರಗುತ್ತಾಳೆ. ಅಪ್ಪನಿಗಿಂತ ಕುಳ್ಳಿ. ಅವನ ಕಲೆಯ ಕೆಳಗೆ, ಒಂದು ಗೇಣೂ ದೂರವಿಲ್ಲದಂತೆ, ಇನ್ನೊಂದು ಮೂಡುತ್ತಿದೆ.